ಜುಲೈಯ ಮೂರು ಬಾಟಲಿಗಳು

ಮಗಳು ಮಣಿಪಾಲದಲ್ಲಿ ಪಿಎಚ್.ಡಿ.ಗೆ ಸೇರಿದಾಗ ಕಾಪುವಿನ ನಮ್ಮ ನೆರೆಕರೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಅದು ಎಷ್ಟು ವರ್ಷದ್ದು? ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಇಷ್ಟೇ ವರ್ಷ ಎಂದು ಮೊದಲೇ ಹೇಳಲಾಗದ ಓದು ಇರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಮಗಳನ್ನೇ ಕೇಳಿದೆ.

"ಕಡಿಮೆ ಅಂದ್ರೆ ಮೂರು, ಜಾಸ್ತಿ ಅಂದ್ರೆ ಆರು. ಅದು ನಾವು ಕೆಲಸ ಮಾಡಿದ ಹಾಗೆ ಅಮ್ಮ" ಎಂದಳು.

"ಬಸ್ಸಿಗಾದ್ರೂ ಒಂದು ಟೈಮ್ ಉಂಟು" ಎಂದರು ಇವರು. "ಇದೆಂಥ ಓದು ಮಾರಾಯ್ತಿ?"

ಇವರು ಎಂದರೆ ನನ್ನ ಗಂಡ. ಮಲ್ಪೆಯ ಬೋಟುಗಳಲ್ಲಿ ದುಡಿದವರು. ಕೊನೆಯ ಹತ್ತು ವರ್ಷ ತಾಂಡೇಲರಾಗಿ ತಾವೇ ಬೋಟು ನಡೆಸಿದರು. ಹೃದಯದ ತೊಂದರೆ ಶುರುವಾದ ಮೇಲೆ ಕಡಲಿಗೆ ಹೋಗುವುದು ನಿಂತಿತು. ಅವರು ತೀರಿಕೊಂಡು ಈಗ ಒಂದು ವರ್ಷ ಮೂರು ತಿಂಗಳು. ಮಗಳ ಓದು ಮೂರು ವರ್ಷಕ್ಕೆ ಮುಗಿಯಬೇಕಾ, ಇನ್ನೂ ಮುಂದೆ ಹೋಗಬೇಕಾ ಎಂಬ ಪ್ರಶ್ನೆಯಲ್ಲೇ ಅವರ ಕೊನೆಯ ತಿಂಗಳುಗಳು ಕಳೆದವು. ಅದರಲ್ಲಿ ನನ್ನ ಕೈಯ ಪಾಲೂ ಉಂಟು. ಅದನ್ನು ಬರೆಯಲು ಕೂತಿದ್ದೇನೆ. ನಮ್ಮ ಮನೆಮಾತು ತುಳು. ಆಡಿದ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಮಗಳ ವಿಷಯ ಕಡಲ ಬದಿಯ ನೀರು. ಆ ನೀರಿನಲ್ಲಿ ಯಾವ ತಿಂಗಳು ಏನೇನು ಕರಗಿರುತ್ತದೆ ಎಂದು ನೋಡುವುದು. ಅದಕ್ಕಾಗಿ ತಿಂಗಳಿಗೊಮ್ಮೆ ಲೈಟ್‌ಹೌಸಿನ ಬಂಡೆಯ ಹತ್ತಿರ ಮೂರು ಬಾಟಲಿ ನೀರು ತುಂಬಿಸಿ, ಐಸಿನಲ್ಲಿಟ್ಟು ಮಣಿಪಾಲಕ್ಕೆ ಒಯ್ಯುತ್ತಿದ್ದಳು. ಹನ್ನೆರಡು ತಿಂಗಳಲ್ಲಿ ಒಂದೂ ತಪ್ಪಬಾರದು. ಇವರಿಗೆ ಅದು ದೊಡ್ಡ ತಮಾಷೆ. "ನಾನು ಇಷ್ಟು ವರ್ಷ ಕಡಲಿಂದ ಮೀನು ತಂದೆ, ನೀನು ನೀರೇ ತರ್ತೀಯಲ್ಲ" ಎನ್ನುತ್ತಿದ್ದರು. ಆದರೆ ಇಳಿತ ಎಷ್ಟು ಹೊತ್ತಿಗೆ, ಯಾವ ಬಂಡೆಯ ಮೇಲೆ ಕಾಲಿಟ್ಟರೆ ಜಾರುವುದಿಲ್ಲ ಎಂದು ಪ್ರತಿ ತಿಂಗಳೂ ಹೇಳಿ ಕಳುಹಿಸುತ್ತಿದ್ದವರೂ ಅವರೇ.

ಅವಳು ಸೇರಿದ ಮೇಲಿನ ಮೂರನೆಯ ಮಳೆಗಾಲ, ನೀರು ತೆಗೆಯತೊಡಗಿದ ಮೊದಲ ವರ್ಷದ ಜುಲೈಯಲ್ಲಿ ಮಗಳು ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದಳು. ಬೆಳಿಗ್ಗೆ ಫೋನ್ ಮಾಡಿದಳು.

"ಅಮ್ಮ, ಮಂಚದ ಅಡಿಯಲ್ಲಿ ಪೆಟ್ಟಿಗೆ ಉಂಟು, ಅದರಲ್ಲಿ ಮೂರು ಬಾಟಲಿ. ನೀರಿನಲ್ಲಿ ಮುಳುಗಿಸಿ ಮುಚ್ಚಳ ಹಾಕು. ಐಸ್ ಹಾಕಿ ಇಡು. ಸಂಜೆ ನನ್ನ ಫ್ರೆಂಡ್ ಬಂದು ತೆಗೆದುಕೊಂಡು ಹೋಗ್ತಾಳೆ. ಅಷ್ಟೇ, ಬೇರೆಂತ ಇಲ್ಲ."

ಪೆಟ್ಟಿಗೆ ತೆರೆದೆ. ಮಳೆಗಾಲದ ಮುಗ್ಗಲು ವಾಸನೆ ಬಂತು. ಬಾಟಲಿಗಳು ಕಣ್ಣಿಗೆ ಚೊಕ್ಕವಾಗಿಯೇ ಕಂಡವು. ಆದರೂ ನಾನು ಅವನ್ನು ಬಾವಿಕಟ್ಟೆಗೆ ಒಯ್ದು ಪಾತ್ರೆ ತೊಳೆಯುವ ಪುಡಿ ಹಾಕಿ ತಿಕ್ಕಿದೆ. ಒಂದು ಸಲ ತೊಳೆದು, ಮೂಸಿ, ಇನ್ನೊಂದು ಸಲ ತೊಳೆದೆ.

ಯಾಕೆ ಎಂದು ಹೇಳಬೇಕು. ಮಗಳು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಅವಳ ಬುತ್ತಿಯ ಮುಚ್ಚಳ ತೆರೆದ ಕೂಡಲೇ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು ಬೇರೆ ಬೆಂಚಿಗೆ ಹೋದಳಂತೆ. ಆ ದಿನ ಬುತ್ತಿಯಲ್ಲಿದ್ದದ್ದು ಬರೀ ಮೊಸರನ್ನ. ಪಾತ್ರೆಗೆ ಮೀನಿನ ವಾಸನೆ ಹಿಡಿದಿತ್ತು. ಅಂದಿನಿಂದ ನಮ್ಮ ಮನೆಯಿಂದ ಹೊರಗೆ ಹೋಗುವ ಯಾವ ಪಾತ್ರೆಯೂ ಎರಡು ಸಲ ತೊಳೆಯದೆ ಹೋದದ್ದಿಲ್ಲ. ಮದುವೆಮನೆಗೆ ಒಯ್ಯುವ ಡಬ್ಬಿಯಿರಲಿ, ಆಸ್ಪತ್ರೆಗೆ ಒಯ್ಯುವ ಫ್ಲಾಸ್ಕಿರಲಿ. ಈ ಬಾಟಲಿಗಳು ಹೋಗುವುದು ಮಣಿಪಾಲದ ಲ್ಯಾಬಿಗೆ. ಅಲ್ಲಿ ಯಾರೂ ಅವಳ ಬಾಟಲಿ ತೆರೆದು ಮೂಗು ಮುಚ್ಚಿಕೊಳ್ಳಬಾರದು.

ಆಮೇಲೆ ಮಳೆಯಲ್ಲೇ ಬಂಡೆಯ ಹತ್ತಿರ ಹೋಗಿ ಅವಳು ಹೇಳಿದಂತೆ ತುಂಬಿಸಿದೆ. ಇವರು ಬೇಡವೆಂದರೂ ಕೇಳದೆ ಕೊಡೆ ಹಿಡಿದು ರಸ್ತೆಯ ಬದಿಗೆ ಬಂದು ನಿಂತಿದ್ದರು. ಅಲ್ಲಿಂದಲೇ, "ಅಲೆ ನೋಡು! ಬೆನ್ನು ಹಾಕ್ಬೇಡ ಕಡಲಿಗೆ!" ಎಂದು ಬೊಬ್ಬೆ ಹೊಡೆಯುತ್ತಿದ್ದರು. ಸಂಜೆ ಅವಳ ಗೆಳತಿ ಬಂದು ಪೆಟ್ಟಿಗೆ ಒಯ್ದಳು.

ಸೆಪ್ಟೆಂಬರಿನಲ್ಲಿ ಮಗಳು ಮನೆಗೆ ಬಂದಾಗ ಮುಖ ಅರಳಿತ್ತು. ಜುಲೈಯ ನೀರಿನಲ್ಲಿ ಫಾಸ್ಫೇಟ್ ಎಂಬುದು ತುಂಬ ಏರಿದೆಯಂತೆ. ಅದು ಗೊಬ್ಬರದಲ್ಲಿರುವಂಥದ್ದು, ಮಳೆಗೆ ಗದ್ದೆಯಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಬರುತ್ತದೆ ಎಂದು ವಿವರಿಸಿದಳು. ಇಡೀ ಒಂದು ಅಧ್ಯಾಯ ಅದರ ಮೇಲೆಯೇ ಬರೆಯಬಹುದಂತೆ. ನಾನು ತುಂಬಿಸಿದ ನೀರು ಎಂದು ನನಗೂ ಒಳಗೊಳಗೇ ಹೆಮ್ಮೆಯಾಯಿತು.

ನವೆಂಬರಿನಲ್ಲಿ ಇವರಿಗೆ ಉಸಿರಾಟ ತೀರಾ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದೆವು. ಮನೆಗೆ ಬಿಡುವ ದಿನ ಡಾಕ್ಟರು ನನ್ನನ್ನೂ ಮಗಳನ್ನೂ ಹೊರಗೆ ಕರೆದರು. ಹೃದಯದ ಶಕ್ತಿ ತುಂಬ ಇಳಿದಿದೆ ಎಂದರು. ಮಗಳು, "ಎಷ್ಟು ಸಮಯ ಸರ್?" ಎಂದು ನೇರವಾಗಿ ಕೇಳಿದಳು. "ಅದು ಹೇಳ್ಲಿಕ್ಕಾಗುದಿಲ್ಲಮ್ಮ. ಮುಂದಿನ ಮಳೆಗಾಲದ ಮಾತು ಮಾತ್ರ ಈಗ ಬೇಡ" ಎಂದರು.

ಬಸ್ ಸ್ಟಾಪಿನಲ್ಲಿ ಇವರನ್ನು ಕಟ್ಟೆಯ ಮೇಲೆ ಕೂರಿಸಿ ನಾವಿಬ್ಬರೂ ಸ್ವಲ್ಪ ದೂರದಲ್ಲಿ ನಿಂತೆವು. ಜನವರಿಗೆ ಅವಳ ಮೂರು ವರ್ಷ ತುಂಬುತ್ತದೆ, ಬೇಕಾದರೆ ಆಗಲೇ ಪ್ರಬಂಧ ಕೊಡಬಹುದು ಎಂದು ಅವಳ ಗೈಡ್ ಮೇಡಂ ಹೇಳಿದ್ದರಂತೆ. ಆದರೆ ಅವರ ಮನಸ್ಸು ಇನ್ನೊಂದು ವರ್ಷದ ನೀರು ನೋಡುವುದರಲ್ಲಿತ್ತು. ಒಂದೇ ಮಳೆಗಾಲ ನೋಡಿ ಕಡಲು ಹೀಗೆ ಎಂದು ಬರೆಯುವುದು ಕಷ್ಟ, ಆದರೆ ತೀರ್ಮಾನ ನಿನ್ನದು ಎಂದಿದ್ದರು.

"ನಾನು ಜನವರಿಗೇ ಕೊಡ್ತೇನೆ ಅಮ್ಮ. ಪಪ್ಪ ನೋಡ್ಬೇಕು" ಎಂದಳು ಮಗಳು.

ನಾನು ತಲೆಯಾಡಿಸಿದೆ. ನನಗೂ ಬೇಕಾದ್ದು ಅದೇ ಒಂದು.

ಆಮೇಲೆ ಅವಳು ಮನೆಗೆ ಬರುವುದೇ ಕಡಿಮೆಯಾಯಿತು. ಹಗಲಿಡೀ ಲ್ಯಾಬು, ಬರವಣಿಗೆ. ಒಂದು ದಿನ ಮಧ್ಯಾಹ್ನ ಇವರು ಫೋನ್ ಮಾಡಿ, "ಆಯ್ತಾ ನಿನ್ನದು?" ಎಂದು ಕೇಳಿದರು. ಅವಳು ಯಾವುದೋ ಕೆಲಸದ ಗಡಿಬಿಡಿಯಲ್ಲಿ, "ಆಯ್ತು ಪಪ್ಪ, ಆಯ್ತು ಆಯ್ತು" ಎಂದು ಫೋನ್ ಇಟ್ಟಳು. ಅವಳು ಹೇಳಿದ್ದು ಆಮೇಲೆ ಮಾತಾಡುವಾ ಎಂಬ ಅರ್ಥದ ಆಯ್ತು. ಇವರು ಕೇಳಿಸಿಕೊಂಡದ್ದು ಮುಗಿಯಿತು ಎಂಬ ಆಯ್ತು. ತುಳುವಿನಲ್ಲೂ ಎರಡಕ್ಕೂ ಒಂದೇ ಮಾತು. ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಇವರು ಅಂಗಿ ಹಾಕಿಕೊಂಡು ಭಜನಾ ಮಂದಿರದ ಕಡೆಗೆ ಹೋಗಿಯಾಗಿತ್ತು. ಬಹಳ ದಿನಗಳ ನಂತರ ಅಷ್ಟು ದೂರ ಒಬ್ಬರೇ ನಡೆದಿದ್ದರು.

ಮರುದಿನ ಬೆಳಿಗ್ಗೆಯೇ ಪಕ್ಕದ ಮನೆಯ ಅಕ್ಕ ಬಂದರು.

"ಡಾಕ್ಟ್ರಮ್ಮ ಯಾವಾಗ ಬರುದು? ನನ್ನ ಮೊಣಗಂಟಿಗೆ ಒಂದು ಮಾತ್ರೆ ಬರೆದು ಕೊಡ್ಲಿಕ್ಕೆ ಹೇಳು ಮಾರಾಯ್ತಿ."

"ಅವಳು ಆ ಡಾಕ್ಟರ್ ಅಲ್ಲ ಅಕ್ಕ."

"ಮತ್ತೆ ಎಂತದ್ರ ಡಾಕ್ಟರ್?"

"ಕಡಲ ನೀರಿನದ್ದು."

"ಕಡಲಿಗೆಂತ ಸೀಕು ಬಂದದ್ದು?" ಎಂದು ಅವರು ಮೊಣಗಂಟು ತಿಕ್ಕುತ್ತಾ ಹೋದರು.

ನಗುವ ಹಾಗಿರಲಿಲ್ಲ. ಫೆಬ್ರವರಿಯಲ್ಲಿ ಮಂದಿರದ ವಾರ್ಷಿಕ ಮಂಗಲೋತ್ಸವ. ಆ ದಿನ ನಮ್ಮ ಮಗಳಿಗೆ ಶಾಲು ಹೊದೆಸಿ ಸನ್ಮಾನ ಮಾಡುವುದೆಂದು ತೀರ್ಮಾನವಾಗಿ, ಹೆಸರಿನ ಹಿಂದೆ 'ಡಾ.' ಸೇರಿಸಿ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗಿತ್ತು. ಮಗಳಿಗೆ ಫೋನಿನಲ್ಲಿ ಹೇಳಿದೆ. "ಇರ್ಲಿ, ಪಪ್ಪನಿಗೆ ಎಂತ ಹೇಳ್ಬೇಡ. ಜನವರಿಯಲ್ಲಿ ಪ್ರಬಂಧ ಕೊಟ್ರೆ ಮತ್ತೆ ಉಳಿಯುದು ಪರೀಕ್ಷೆಯವರ ಕೆಲಸ ಮಾತ್ರ. ಅಷ್ಟು ದೊಡ್ಡ ಸುಳ್ಳಾಗುದಿಲ್ಲ" ಎಂದಳು.

ಡಿಸೆಂಬರಿನ ಒಂದು ಭಾನುವಾರ ಅವಳು ಮನೆಗೆ ಬಂದಳು. ಇವರನ್ನು ನಗಿಸಲೆಂದೇ ಲ್ಯಾಬಿನ ಕಥೆ ಹೇಳುತ್ತಿದ್ದಳು. ನಾನು ಹಿಂಬಾಗಿಲಿನಲ್ಲಿ ಬೂತಾಯಿ ಮೀನು ಕೊಯ್ದು ಶುಚಿ ಮಾಡುತ್ತಾ ಕೂತಿದ್ದೆ.

"ಹೊಸ ಹುಡುಗಿ ಒಬ್ಬಳು ಬಂದಿದ್ದಾಳೆ ಪಪ್ಪ. ನೀರು ತರುವ ಬಾಟಲಿಯನ್ನು ಸೋಪು ಹಾಕಿ ತೊಳೆದಿದ್ದಾಳೆ!"

"ಒಳ್ಳೇದಲ್ವಾ? ಚೊಕ್ಕ ಹುಡುಗಿ."

"ಎಂತ ಚೊಕ್ಕ? ಅದನ್ನು ಆ್ಯಸಿಡ್ ಹಾಕಿ ನಾವು ಮೊದ್ಲೇ ತೊಳೆದಿಟ್ಟಿರ್ತೇವೆ. ಸೋಪಲ್ಲೇ ಫಾಸ್ಫೇಟ್ ಇರ್ತದೆ. ಅವಳು ಅಳೆದದ್ದು ಕಡಲನ್ನಲ್ಲ, ಸೋಪನ್ನು! ಇಡೀ ತಿಂಗಳಿನ ಕೆಲಸ ಹಾಳು. ಮೇಡಂ ಅವಳನ್ನು ಬಯ್ದದ್ದು ನೀವು ಕೇಳ್ಬೇಕಿತ್ತು."

ಇವರು ಕೆಮ್ಮು ಬರುವವರೆಗೆ ನಕ್ಕರು. ನನ್ನ ಕೈಯಲ್ಲಿದ್ದ ಮೀನು ಹಾಗೆಯೇ ಉಳಿಯಿತು. ಬೆಕ್ಕು ಬಂದು ತಟ್ಟೆಗೆ ಬಾಯಿ ಹಾಕಿದರೂ ಓಡಿಸಲಿಲ್ಲ.

ಒಂಬತ್ತು ದಿನ ನಾನು ಯಾರಿಗೂ ಹೇಳಲಿಲ್ಲ. ಪುಡಿಯ ಪೊಟ್ಟಣ ತಿರುಗಿಸಿ ಹಿಂದೆ ಬರೆದದ್ದನ್ನೆಲ್ಲ ಓದಿದೆ, ಏನೂ ಅರ್ಥವಾಗಲಿಲ್ಲ. ಚೆನ್ನಾಗಿ ನೀರು ಹೊಯ್ದು ತೊಳೆದಿದ್ದೇನೆ, ಸೋಪು ಎಲ್ಲಿ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿದರೆ ಅವಳು ಮುಂದಿನ ಜುಲೈಯವರೆಗೆ ಕಾಯಬೇಕು. ಡಾಕ್ಟರು ಬೇಡವೆಂದದ್ದು ಆ ಮಳೆಗಾಲದ ಮಾತನ್ನೇ. ಹೇಳದಿದ್ದರೆ ಫೆಬ್ರವರಿಯಲ್ಲಿ ಇವರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಮಗಳ ಸನ್ಮಾನ ನೋಡುತ್ತಾರೆ. ಬಾವಿಕಟ್ಟೆಯಲ್ಲಿ ನಾನು ತೊಳೆದದ್ದನ್ನು ನೋಡಿದವರು ಯಾರೂ ಇಲ್ಲ. ಬೆಳಿಗ್ಗೆ ಏಳುವಾಗ ಹೇಳಬೇಕು ಅನ್ನಿಸುತ್ತಿತ್ತು. ಇವರು ಎರಡು ದಿಂಬಿಗೆ ಒರಗಿ ಕೂತು ಉಸಿರೆಳೆಯುವುದನ್ನು ಕಂಡ ಮೇಲೆ ಅದೇ ಬಾಯಿ ಮುಚ್ಚಿಹೋಗುತ್ತಿತ್ತು.

ಬಜಗೋಳಿಯ ಹತ್ತಿರ ಒಬ್ಬ ವೈದ್ಯರು ಉಸಿರಿನ ತೊಂದರೆಗೆ ಬೇರಿನ ಪುಡಿ ಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ಹತ್ತನೆಯ ದಿನ ಇವರ ಹತ್ತಿರ ನನ್ನ ತಂಗಿಯನ್ನು ಕೂರಿಸಿ ನಾನೂ ಮಗಳೂ ಹೋದೆವು. ಮಗಳಿಗೆ ಅಂಥ ಮದ್ದಿನಲ್ಲಿ ನಂಬಿಕೆಯಿಲ್ಲ. ಆದರೂ ಬಂದಳು. ಪುಡಿ ತೆಗೆದುಕೊಂಡು ಹಿಂದೆ ಬರುವಾಗ ಕಾರ್ಕಳದಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಅವಳು ಚೀಲದಿಂದ ಹಾಳೆಗಳನ್ನು ತೆಗೆದು ತಿದ್ದತೊಡಗಿದಳು. ಒಂದು ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದಳು. ಅದರಲ್ಲಿ ಒಂದು ಗೆರೆ ಸುಮ್ಮನೆ ನಡೆಯುತ್ತಾ ಬಂದು ಒಂದು ಕಡೆ ನೆಟ್ಟಗೆ ಮೇಲೆ ಹೋಗಿತ್ತು.

"ನೋಡಮ್ಮ, ಇದು ನೀನು ತುಂಬಿಸಿದ ನೀರು."

"ನಾನು ತೊಳೆದಿದ್ದೆ" ಎಂದೆ.

"ಎಂತದ್ದು?"

"ಬಾಟಲಿ. ಮೂರನ್ನೂ. ಪುಡಿ ಹಾಕಿ ತೊಳೆದಿದ್ದೆ. ಎರಡು ಸಲ."

ಎದುರಿಗೆ ನಿಂತಿದ್ದ ಬಸ್ಸಿನ ಕಂಡಕ್ಟರ್, "ಬೆಳ್ಮಣ್ ಪಡುಬಿದ್ರಿ, ಬೆಳ್ಮಣ್ ಪಡುಬಿದ್ರಿ" ಎಂದು ಕೂಗುತ್ತಿದ್ದ.

"ಯಾರು ಹೇಳಿದ್ದು ತೊಳೀಲಿಕ್ಕೆ?"

"ಯಾರೂ ಹೇಳ್ಲಿಲ್ಲ. ಮೀನಿನ ವಾಸನೆ ಬಂದ್ರೆ ಅಲ್ಲಿಯವರು ನಿನ್ನನ್ನು..."

ಅವಳು ಹಾಳೆಯನ್ನು ಮಡಿಚಲಿಲ್ಲ, ಇಡಲೂ ಇಲ್ಲ. "ಇದು ಹಾಳು ಅಂತ ನಿಂಗೆ ಯಾವಾಗ ಗೊತ್ತಾದದ್ದು?"

"ಆ ಹುಡುಗಿಯ ಕಥೆ ಹೇಳಿದೆಯಲ್ಲ, ಆವತ್ತು."

"ಅಮ್ಮ, ಹತ್ತುದಾ ಇಲ್ವಾ? ಸೀಟು ಉಂಟು" ಎಂದು ಕಂಡಕ್ಟರ್ ನಮ್ಮನ್ನೇ ಕೇಳಿದ. ನಾವು ಏಳಲಿಲ್ಲ. ಬಸ್ಸು ಹೋಯಿತು.

ಅವಳು ನನ್ನನ್ನು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಬಹಳ ಸಣ್ಣ ಸ್ವರದಲ್ಲಿ, "ನೀನು ಹೇಳ್ಬಾರದಿತ್ತು ಅಮ್ಮ" ಎಂದಳು. "ಗೊತ್ತಿಲ್ಲದಿದ್ರೆ ಕೊಟ್ಟುಬಿಡ್ತಿದ್ದೆ. ಗೊತ್ತಾದ ಮೇಲೆ ಹೇಗೆ ಕೊಡುದು?"

"ಜುಲೈ ಒಂದನ್ನು ಬಿಟ್ಟು ಕೊಡ್ಲಿಕ್ಕೆ ಆಗುದಿಲ್ವಾ?"

"ಜುಲೈ ತೆಗೆದ್ರೆ ಅದರಲ್ಲಿ ಉಳಿಯುದೆಂತ?"

ಮುಂದಿನ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೆ ಮುಖ ಮಾಡಿ ಕೂತಳು. ಪಡುಬಿದ್ರಿಯಲ್ಲಿ ಇಳಿದು ಉಡುಪಿಯ ಬಸ್ಸು ಹತ್ತಿದೆವು. ನಾನು ಕಾಪುವಿನಲ್ಲಿ ಇಳಿದೆ. ಅವಳು ಇಳಿಯಲಿಲ್ಲ, ಹಾಗೆಯೇ ಮಣಿಪಾಲಕ್ಕೆ ಹೋದಳು.

ನಾಲ್ಕನೆಯ ದಿನ ಫೋನ್ ಬಂತು. "ಮೇಡಂಗೆ ಹೇಳಿದೆ. ಮುಂದಿನ ಮಳೆಗಾಲದ ನೀರು ತೆಗೆದೇ ಕೊಡುದು ಅಂತ ಆಯ್ತು. ಪಪ್ಪನಿಗೆ ನೀನೇ ಹೇಳು. ನನ್ನಿಂದ ಆಗುದಿಲ್ಲ."

ಅದೇ ವಾರ ಅಚ್ಚಾದ ಪತ್ರಿಕೆಗಳು ಮಂದಿರಕ್ಕೆ ಬಂದಿದ್ದವು. ಬೆಳಿಗ್ಗೆ ಇವರು ಗಂಜಿ ಕುಡಿದು ಕೂತಿದ್ದಾಗ ಎಲ್ಲವನ್ನೂ ಹೇಳಿದೆ. ಫೋನಿನ ಆಯ್ತು ಎಂಬುದು ಯಾವ ಆಯ್ತು, ಬಾಟಲಿಗೆ ನಾನು ಏನು ಮಾಡಿದೆ, ಈಗ ಅವಳು ಯಾಕೆ ಕಾಯುತ್ತಾಳೆ ಎಲ್ಲವನ್ನೂ. ಡಾಕ್ಟರು ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಅದು ಇವರಿಗೆ ಮೊದಲೇ ಗೊತ್ತಿತ್ತು ಎಂದು ನನಗೀಗ ಅನ್ನಿಸುತ್ತದೆ.

ಇವರು ಕೇಳಿದ್ದು ಒಂದೇ ಮಾತು: "ಎರಡು ಸಲ ತೊಳೆದದ್ದಾ?"

"ಹೌದು."

ಆ ದಿನವಿಡೀ ನನ್ನೊಡನೆ ಮಾತಾಡಲಿಲ್ಲ. ಮಧ್ಯಾಹ್ನ ಊಟಕ್ಕೆ ಎರಡು ಸಲ ಕರೆಯಬೇಕಾಯಿತು. ಮರುದಿನ ಎದ್ದವರೇ, "ಕಾರ್ಡು ಹಂಚಿದ್ರಾ?" ಎಂದರು.

"ಇಲ್ಲ. ಮಂದಿರದಲ್ಲೇ ಉಂಟಂತೆ."

"ಇಲ್ಲಿಗೆ ತರ್ಲಿಕ್ಕೆ ಹೇಳು."

ಮಂದಿರದ ಅಧ್ಯಕ್ಷರೇ ಕಟ್ಟುಗಳನ್ನು ತಂದರು. ಇವರು ಜಗಲಿಯಲ್ಲಿ ಮಣೆ ಹಾಕಿಸಿಕೊಂಡು ಕೂತು, ಒಂದೊಂದೇ ಪತ್ರಿಕೆ ತೆಗೆದು, ನೀಲಿ ಪೆನ್ನಿನಿಂದ ಮಗಳ ಹೆಸರಿನ ಹಿಂದಿನ 'ಡಾ.' ಮೇಲೆ ಗೀಟು ಹಾಕತೊಡಗಿದರು.

"ಇರ್ಲಿ ಬಿಡಿ ಮಾರಾಯ್ರೆ" ಎಂದರು ಅಧ್ಯಕ್ಷರು. "ಇವತ್ತಲ್ಲದಿದ್ರೆ ನಾಳೆ ಆಗುದೇ ಅಲ್ವಾ? ಯಾರು ಸರ್ಟಿಫಿಕೇಟ್ ಕೇಳ್ತಾರೆ ಇಲ್ಲಿ?"

"ನಾನು ಕೊಟ್ಟ ಡಾಕ್ಟರೇಟು, ನಾನೇ ವಾಪಸ್ ತೆಗೆಯುದು. ನಿಮಗೆಂತ ಕಷ್ಟ?"

ಹತ್ತು ಪತ್ರಿಕೆಗೊಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ನಾನು ಇನ್ನೊಂದು ಪೆನ್ನು ತಂದು ಪಕ್ಕದಲ್ಲಿ ಕೂತೆ. ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. "ಬೇಡ. ನಿನ್ನ ಕೈಗೆ ಕೊಟ್ರೆ ಕಾರ್ಡನ್ನೂ ತೊಳೀತಿ" ಎಂದರು. ಅಧ್ಯಕ್ಷರು ನಕ್ಕರು. ಇವರು ನಗಲಿಲ್ಲ. ಆದರೆ ಬಾಟಲಿಯ ವಿಷಯ ಹೇಳಿದ ಮೇಲೆ ನನ್ನನ್ನು ತಮಾಷೆ ಮಾಡಿದ್ದು ಅದೇ ಮೊದಲು. ನಾನು ಪೆನ್ನು ಹಿಡಿದುಕೊಂಡು ಅಲ್ಲಿಯೇ ಕೂತಿದ್ದೆ. ಅದು ಮುಗಿಯಲು ಮೂರು ದಿನ ಬೇಕಾಯಿತು.

ಮಂಗಲೋತ್ಸವಕ್ಕೆ ಮಗಳು ಬರಲಿಲ್ಲ. ಆ ಶಾಲನ್ನು ನಿವೃತ್ತರಾದ ಒಬ್ಬ ಟೀಚರಿಗೆ ಹೊದೆಸಿದರು.

ಆಮೇಲೆ ಇವರಲ್ಲಿ ಒಂದು ಹಟ ಕಂಡೆ. ಉಪ್ಪು ಬಿಟ್ಟರು. ಒಣಮೀನಿನ ಚಟ್ನಿ ಇಲ್ಲದೆ ಗಂಜಿ ಕುಡಿಯದವರು ಮಾತಾಡದೆ ಕುಡಿದರು. ಮಾತ್ರೆಗೆ ನಾನು ನೆನಪಿಸಬೇಕಾಗುತ್ತಿರಲಿಲ್ಲ. ಬಜಗೋಳಿಯ ಪುಡಿಯನ್ನೂ ಬಿಡಲಿಲ್ಲ. ಭಾನುವಾರ ಮಗಳು ಬಂದರೆ, "ಜುಲೈಗೆ ಎಷ್ಟುಂಟು ಇನ್ನು?" ಎಂದು ಕೇಳುತ್ತಿದ್ದರು. ಐದು ತಿಂಗಳು ಎಂದಳು. ಆಮೇಲೆ ನಾಲ್ಕು ಎಂದಳು. ಅವಳಿಗೆ ಆ ಪ್ರಶ್ನೆ ತಡೆಯಲಾಗುತ್ತಿರಲಿಲ್ಲ. ಉತ್ತರ ಹೇಳಿದ ಕೂಡಲೇ ಎದ್ದು ಬಾವಿಯ ಕಡೆಗೆ ಹೋಗುತ್ತಿದ್ದಳು. ಒಮ್ಮೆ ನಾನೂ ಹಿಂದೆ ಹೋದೆ. "ಕೊಡ್ಬಹುದಿತ್ತು ಅಮ್ಮ" ಎಂದಳು. "ಕೊಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ದಿನಾ ಅದೇ ಯೋಚನೆ ಬರ್ತದೆ."

ಏಪ್ರಿಲಿನ ಒಂದು ಬೆಳಿಗ್ಗೆ, ಗಂಜಿ ಬಡಿಸಿ ಉಪ್ಪಿಲ್ಲದ ಪಲ್ಯ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಇವರು ಹೋಗಿಬಿಟ್ಟಿದ್ದರು.

ಜುಲೈ ಬಂತು. ಮಗಳು ಬಾಟಲಿಗಳನ್ನು ತಾನೇ ತಂದಳು. ನಾನು ಕೊಡೆ ಹಿಡಿದೆ. ಬಾಟಲಿಗೆ ಕೈ ತಾಗದಂತೆ ಇನ್ನೊಂದು ಕೈಯನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡಿದ್ದೆ. ಅಲೆ ಬಂದಾಗ ಎಚ್ಚರಿಸುವವರು ಹಿಂದಿನಿಂದ ಯಾರೂ ಇರಲಿಲ್ಲ. ಇಬ್ಬರೂ ಸೊಂಟದವರೆಗೆ ಒದ್ದೆಯಾದೆವು.

ಆಗಸ್ಟಿನಲ್ಲಿ ಅವಳ ಫೋನು.

"ಏರಿದೆ ಅಮ್ಮ."

"ಎಂತದ್ದು?"

"ಫಾಸ್ಫೇಟ್. ನಿನ್ನ ಸೋಪಿನಷ್ಟು ಇಲ್ಲ. ಆದ್ರೆ ಜುಲೈಯಲ್ಲಿ ಏರಿದೆ. ಆ ಅಧ್ಯಾಯದಲ್ಲಿ ಬರೆದದ್ದು ಹೆಚ್ಚು ಕಡಿಮೆ ಸರಿಯೇ ಇತ್ತು."

"ಹಾಗಾದ್ರೆ ಆವತ್ತು ನಾನು ಹೇಳದೆ ಇದ್ದಿದ್ರೆ..."

"ಅದನ್ನು ಕೇಳ್ಬೇಡ ಅಮ್ಮ" ಎಂದಳು. ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆ ಅವಳ ಲ್ಯಾಬಿನ ಯಂತ್ರವೊಂದು ಓಡುವ ಸದ್ದು ಕೇಳುತ್ತಿತ್ತು.

ಆಮೇಲೆ ಅವಳು ಅವಸರ ಮಾಡಲಿಲ್ಲ. ಯಾರಿಗಾಗಿ ಮಾಡಬೇಕು? ಎಲ್ಲವನ್ನೂ ಮೊದಲಿನಿಂದ ನೋಡಿ ಬರೆದಳು. ಒಟ್ಟು ನಾಲ್ಕೂವರೆ ವರ್ಷವಾಯಿತು. ಕಳೆದ ತಿಂಗಳು ಪ್ರಬಂಧ ಕೊಟ್ಟು, ಒಂದು ಪ್ರತಿಯನ್ನು ಮನೆಗೆ ತಂದಳು. ದಪ್ಪ ಪುಸ್ತಕ, ಎಲ್ಲ ಇಂಗ್ಲಿಷಿನಲ್ಲಿ.

"ನನ್ನ ಬಾಟಲಿಯ ವಿಷಯ ಬರೆದಿದ್ದೀಯಾ?" ಎಂದು ಕೇಳಿದೆ.

ಅವಳು ಪುಟ ತಿರುಗಿಸಿ ತೋರಿಸಿದಳು. ಕನ್ನಡದಲ್ಲಿ ಹೇಳು ಎಂದೆ. "ಬಾಟಲಿಗಳಿಗೆ ಸೋಪು ತಾಗಿದ್ದರಿಂದ ಮೊದಲ ವರ್ಷದ ಜುಲೈಯ ಮಾದರಿಗಳನ್ನು ಕೈಬಿಡಲಾಗಿದೆ" ಎಂದು ಓದಿದಳು.

"ಅಷ್ಟೇಯಾ?"

"ಅಷ್ಟೇ ಅಮ್ಮ. ಇದರಲ್ಲಿ ಅಷ್ಟೇ ಬರೆಯುದು."

ಅವಳು ಕೈಕಾಲು ತೊಳೆಯಲು ಹೋದ ಮೇಲೆ ನಾನು ಆ ಸಾಲನ್ನು ಇನ್ನೊಮ್ಮೆ ಹುಡುಕಿದೆ. ಅದರಲ್ಲಿ ನನಗೆ ಓದಿ ತಿಳಿದದ್ದು ಎರಡು ಪದ, ಜುಲೈ ಮತ್ತು ಸೋಪು. ನಾನು ಹೇಳಿದ್ದು ತಪ್ಪೆಂದು ಅವಳು ಮತ್ತೆ ಯಾವತ್ತೂ ಅನ್ನಲಿಲ್ಲ. ಸರಿಯೆಂದೂ ಅನ್ನಲಿಲ್ಲ. ಪುಸ್ತಕವನ್ನು ಇವರ ಫೋಟೋದ ಎದುರು ಇಡುವಾ ಎಂದುಕೊಂಡು ಎದ್ದೆ. ಆಮೇಲೆ ಇಡಲಿಲ್ಲ. ಪರೀಕ್ಷೆಯವರ ಕೆಲಸ ಇನ್ನೂ ಆಗಿಲ್ಲ.